ಕೆಂಪಾಗಲಿ ಬಿಡಿ

ಭೀಮು ನನ್ನ ತಮ್ಮ. ಚಿಂಚವಾಡದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಆ ದಿನ ಬೆಳಗಿನ ಪಾಳಿಗೆ ಹೋದವನು ಒಂಬತ್ತರ ಸುಮಾರಿಗೆ ರಿಕ್ಷಾದಲ್ಲಿ ವಾಪಸು ಬಂದ. ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. ಒಳಕೋಣೆಯಲ್ಲಿ ಅವ್ವನಿಗೆ ಏನೋ ಹೇಳಿದ. ಅವ್ವ ಹೊರಗೆ ಬಂದು, “ಹೊಟ್ಟಿ ಭಾಳ ನೋಯಾಕತ್ತದಂತ. ದವಾಖಾನಿಗೆ ನಡಿ ಮಾಯಾ,” ಎಂದಳು.

ಮನೆಯ ಹೊರಗಿನ ಮಾತೆಲ್ಲ ನನ್ನ ಪಾಲಿಗೆ. ಯಾದಗಿರಿ ಕಡೆಯಿಂದ ಮರಾಠಿ ಸೀಮೆಯ ಈ ನಿಗಡಿಗೆ ಬಂದು ಇಪ್ಪತ್ತು ವರ್ಷವಾದರೂ ಅವ್ವನ ಮರಾಠಿ ತರಕಾರಿ ಅಂಗಡಿಯಿಂದ ಮುಂದೆ ಹೋಗಿಲ್ಲ. ಬ್ಯಾಂಕಿರಲಿ, ರೇಶನ್ ಇರಲಿ, ಡಿಗ್ರಿ ಓದಿದವಳು ಎಂದು ನನ್ನನ್ನೇ ಮುಂದೆ ದೂಡುತ್ತಾರೆ. ನನಗೋ ಅಪರಿಚಿತರ ಎದುರು ಬಾಯೇ ಏಳುವುದಿಲ್ಲ. ಆದರೂ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೇಗೋ ಹೇಳಿದೆ: ಹೊಟ್ಟೆನೋವು, ಎರಡು ಸಲ ವಾಂತಿ. ಮರಾಠಿ ಚೆನ್ನಾಗಿ ಬರುವ ಭೀಮು ಹಲ್ಲು ಕಚ್ಚಿಕೊಂಡು ಮಲಗಿದ್ದ. ನನ್ನ ಮಾತನ್ನು ತಿದ್ದಲಿಲ್ಲ.

ನೋವು ಹೊಟ್ಟೆಯದಾಗಿರಲಿಲ್ಲ. ಅವನ ಒಂದು ವೃಷಣ ತಿರುಚಿಕೊಂಡು ಅದಕ್ಕೆ ರಕ್ತ ಹೋಗುವುದು ನಿಂತಿತ್ತು. ಕೆಲವೇ ಗಂಟೆಗಳಲ್ಲಿ ಬಿಡಿಸದಿದ್ದರೆ ಅದು ಸತ್ತೇ ಹೋಗುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನೋವು ಎಲ್ಲಿ ಎಂಬುದು ಮಾತ್ರ ಅವನಿಗೂ ಅವ್ವನಿಗೂ ಗೊತ್ತಿತ್ತು. ಅಕ್ಕನ ಎದುರು ಆ ಜಾಗದ ಸುದ್ದಿ ಎತ್ತುವುದುಂಟೆ ಎಂದು ಇಬ್ಬರೂ ಸುಮ್ಮನಿದ್ದರು.

ಸ್ವಪ್ನಿಲ್ ಎಂಬ ಯುವ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು, ಒಂದು ಇಂಜೆಕ್ಷನ್ ಹೇಳಿದರು, ಮುಂದಿನ ಹಾಸಿಗೆಗೆ ಹೋದರು. ನಾನು ಎದುರಿನ ಗೋಡೆಯ ಟಿವಿಯಂಥ ಪರದೆ ನೋಡುತ್ತ ಕುಳಿತೆ. ಅದರಲ್ಲಿ ರೋಗಿಗಳ ಹೆಸರುಗಳಿದ್ದವು. ಹೊಸಬರದು ಹಸಿರು, ಸ್ವಲ್ಪ ಹೊತ್ತಾದವರದು ಹಳದಿ. ಹಳದಿ ಹಳೆಯದಾದಂತೆ ನೀತಾ ಸಿಸ್ಟರ್ ಪರದೆಯತ್ತ ಮತ್ತೆ ಮತ್ತೆ ತಿರುಗುವರು. ಆಮೇಲೆ ಎಲ್ಲರೂ ಮಾವಶಿ ಎಂದು ಕರೆಯುವ ಆಯಾ ಗಂಗೂಬಾಯಿ ಬಂದು ಹಾಸಿಗೆ ತಳ್ಳಿಕೊಂಡು ಲಿಫ್ಟಿಗೆ ಹೋಗುವಳು, ಆ ಹೆಸರು ಅಳಿಸಿಹೋಗುವುದು. ಪಕ್ಕದ ಅಜ್ಜನನ್ನೂ ಹಾಗೆಯೇ ಒಯ್ದರು. ಅವರನ್ನು ಯಾವ ಡಾಕ್ಟರೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

ನನಗೆ ಸುಮ್ಮನೆ ಇರಲಾಗಲಿಲ್ಲ. ಸಲೈನ್ ಸರಿಮಾಡಲು ಬಂದ ಸಿಸ್ಟರನ್ನು ಮೆಲ್ಲಗೆ ಕೇಳಿದೆ. “ಆ ಹೆಸರುಗಳು ಎಲ್ಲಿಗೆ ಹೋಗುತ್ತವೆ?”

ಅವರು ನಕ್ಕರು. “ಮೇಲೆ, ನಿಗಾ ವಾರ್ಡಿಗೆ. ಇಲ್ಲಿ ಎರಡು ಗಂಟೆಗಿಂತ ಜಾಸ್ತಿ ಯಾರೂ ಇರಬಾರದು, ನಿಯಮ. ಇದ್ದರೆ ಕೆಂಪಾಗುತ್ತೆ. ಕೆಂಪಾದರೆ ನಮ್ಮ ಡಾಕ್ಟರು ಕಾರಣ ಬರೆದುಕೊಡಬೇಕು.”

“ಮೇಲೆ ಈ ಗಂಟೆಯ ಲೆಕ್ಕ ಇಲ್ಲವಾ?”

“ಅಲ್ಲಿ ಯಾಕೆ? ಸಂಜೆ ದೊಡ್ಡ ಡಾಕ್ಟರ ರೌಂಡ್ ಇರುತ್ತಲ್ಲ.”

ಭೀಮುವಿನ ಹೆಸರು ಆಗಲೇ ಹಳದಿಯಾಗಿತ್ತು. ನಾನು ಅವನತ್ತ ತಿರುಗಿದೆ. ಹೊಟ್ಟೆನೋವಿನವರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಇವನ ಕೈ ಹೊಟ್ಟೆಯ ಮೇಲೆ ಒಮ್ಮೆಯೂ ಹೋಗಿರಲಿಲ್ಲ. ಡಾಕ್ಟರು ಒತ್ತಿದಾಗ ಮುಖ ಕಿವುಚಿರಲಿಲ್ಲ, ತೊಡೆಗೆ ಹೊದಿಕೆ ತಾಗಿದಾಗ ಮಾತ್ರ ಉಸಿರು ಹಿಡಿದಿದ್ದ.

“ಅವ್ವ, ನೋವು ಖರೇನೂ ಹೊಟ್ಟ್ಯಾಗ ಅದ?”

ಅವ್ವ ಸೆರಗು ಸರಿಮಾಡಿಕೊಂಡಳು. “ಅದೆಲ್ಲಾ ನಿನಗ್ಯಾಕ? ಗಂಡಸರದು ಅದು.”

“ಭೀಮು?”

ಅವನು ಗೋಡೆಯ ಕಡೆ ಹೊರಳಿದ. “ಹೊಟ್ಟಿ ಕೆಳಗ, ಅಕ್ಕಾ. ಇನ್ನ ಏನೂ ಕೇಳಬ್ಯಾಡ.”

ಅಷ್ಟರಲ್ಲಿ ಗಂಗೂಬಾಯಿ ಬಂದು ಹಾಸಿಗೆಯ ಬ್ರೇಕು ಬಿಡಿಸಿದಳು. ನಾನು ಎದ್ದು ಹಾಸಿಗೆಯ ಕಂಬಿ ಹಿಡಿದೆ. ಅವಳು ತಳ್ಳಿದಳು, ನಾನು ಬಿಡಲಿಲ್ಲ. “ಏ ಪೋರಿ, ಸೋಡ್,” ಬಿಡು ಎಂದು ಗದರಿದಳು. ಸ್ವಪ್ನಿಲ್ ಡಾಕ್ಟರು ಬಂದರು. “ಏನಾಯಿತು? ಇನ್ನು ಐದೇ ನಿಮಿಷ, ಕೆಂಪಾಗುತ್ತೆ.”

“ಕೆಂಪಾಗಲಿ ಬಿಡಿ,” ಎಂದೆ. ದನಿ ನನಗೆ ಮಾತ್ರ ಕೇಳಿಸುವಷ್ಟಿತ್ತು. ಇನ್ನೊಮ್ಮೆ ಹೇಳಿದೆ. “ನೋವು ಹೊಟ್ಟೆಯಲ್ಲಿಲ್ಲ. ಗಂಡಸರ ಜಾಗದಲ್ಲಿ. ಇವರು ನನಗೆ ಹೇಳಿರಲಿಲ್ಲ.”

ಡಾಕ್ಟರು ಪರದೆಯ ಕಡೆ ನೋಡಲೇ ಇಲ್ಲ. ಹಾಸಿಗೆಯ ಸುತ್ತ ಮರೆಯ ಬಟ್ಟೆ ಎಳೆದು ಒಳಗೆ ಹೋದರು, ಸ್ವಲ್ಪ ಹೊತ್ತಿನಲ್ಲೇ ಹೊರಬಂದು ಫೋನು ಹಿಡಿದರು. ತಿರುಚಿಕೊಂಡಿರಬೇಕು, ಮೂತ್ರಾಂಗದ ಸರ್ಜನ್ ಈಗಲೇ ಬೇಕು ಎಂದರು. ಆ ಕಡೆಯವರು ಏನು ಹೇಳಿದರೋ, ಇವರ ಹುಬ್ಬು ಗಂಟಾಯಿತು. “ಮೇಲೆ ಕಳಿಸಲ್ಲ ಮೇಡಂ. ಓಪಿಡಿ ಮುಗಿಯುವತನಕ ಕಾಯುವ ಕೇಸಲ್ಲ. ಈಗ ಕೆಂಪು ಇದ್ದಾನೆ, ನನ್ನ ವಿಭಾಗದಲ್ಲೇ ಇದ್ದಾನೆ. ಕೆಂಪಿಗೆ ಕರೆದರೆ ಇಳಿದು ಬರಲೇಬೇಕಲ್ಲ ನೀವು?”

ನಾನು ಪರದೆ ನೋಡಿದೆ. ಕೆಂಪು ಅಕ್ಷರದಲ್ಲಿ ತಮ್ಮನ ಹೆಸರು ಮಿನುಗುತ್ತಿತ್ತು. ಅವನನ್ನು ಕಣ್ಮರೆ ಮಾಡಲಿದ್ದ ನಿಯಮವೇ ಈಗ ಸರ್ಜನ್ನನ್ನು ಕೆಳಗೆ ಕರೆತರುತ್ತಿದೆಯಲ್ಲ ಎಂದು ಸೋಜಿಗವಾಯಿತು.

ಆ ಸರ್ಜನ್, ಡಾಕ್ಟರ್ ನೀಲಿಮಾ, ಇಳಿದು ಬಂದಾಗ ಅವ್ವ ನನ್ನ ತೋಳು ಚಿವುಟಿದಳು. “ಹೆಣ್ಮಗಳು ನೋಡ್ತಾಳೇನ ಇವನ್ನ?”

ಬಟ್ಟೆಯ ಒಳಗಿನಿಂದ ಭೀಮು ಅಂದ, “ಯಾರರೆ ನೋಡ್ಲಿ ಯವ್ವಾ. ಲಗೂನ ನೋಡ್ಲಿ.”

ಅಲ್ಲಿಂದ ನೇರವಾಗಿ ಆಪರೇಷನ್ನಿಗೆ ಒಯ್ದರು. ಅವ್ವ ಬಾಗಿಲ ಹೊರಗೆ ನೆಲದ ಮೇಲೆ ನನಗೆ ಬೆನ್ನು ಮಾಡಿ ಕುಳಿತಳು. ಮಧ್ಯಾಹ್ನ ಡಾಕ್ಟರ್ ನೀಲಿಮಾ ಟೋಪಿ ತೆಗೆಯುತ್ತ ಹೊರಬಂದರು. ಅವರ ಒಂದೊಂದು ಮಾತನ್ನೂ ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ತಿರುಚಿದ್ದನ್ನು ಬಿಡಿಸಿದಾಗ ಅದು ಕಪ್ಪಗಿತ್ತು. ಬಿಸಿನೀರಿನ ಬಟ್ಟೆ ಸುತ್ತಿ ಕಾದರು. ನಿಧಾನಕ್ಕೆ ಬಣ್ಣ ಮರಳಿತು. ತೆಗೆಯಲಿಲ್ಲ, ಉಳಿಸಿಕೊಂಡಿದ್ದಾರೆ. ಸಂಜೆಯ ರೌಂಡಿನತನಕ ಬಿಟ್ಟಿದ್ದರೆ ತೆಗೆಯುವುದೊಂದೇ ದಾರಿಯಿತ್ತು.

ಅವ್ವ ನೆಲ ನೋಡುತ್ತಲೇ, “ಮುಂದ ಮಕ್ಕಳಾಗ್ತಾವೇನು, ಕೇಳು,” ಎಂದಳು.

ಕೇಳಿದೆ. ಸುತ್ತ ಹತ್ತು ಜನ ಕುಳಿತಿದ್ದರು.

“ಆಗುತ್ತವೆ. ಇನ್ನೊಂದು ಕಡೆಯದನ್ನೂ ಹೊಲಿಗೆ ಹಾಕಿ ಭದ್ರ ಮಾಡಿದ್ದೀನಿ,” ಎಂದರು.

ಅದನ್ನು ಹೇಳಿದಾಗ ಅವ್ವ ನನ್ನ ಕೈ ಹಿಡಿದುಕೊಂಡು ಎದ್ದಳು. ಡಾಕ್ಟರು ಹೊರಡಲು ತಿರುಗಿದರು.

“ಮೇಡಂ,” ಎಂದೆ, ಈ ಸಲ ಯಾರೂ ದೂಡದೆ, “ಅದು ಚೆನ್ನಾಗೇ ಇತ್ತಲ್ಲ, ಅದಕ್ಕೂ ಯಾಕೆ ಹೊಲಿಗೆ?”

ಅವರು ನಿಂತರು. ಗೋಡೆಗೊರಗಿ, ಬೆರಳಿನಿಂದ ಗಾಳಿಯಲ್ಲಿ ಚಿತ್ರ ಬರೆಯುತ್ತ ವಿವರಿಸಲು ತೊಡಗಿದರು.