ಕುಂಬಳಕಾಯಿಯ ಎಡಗಡೆ

ಮೂವತ್ನಾಲ್ಕು ವರ್ಷ ರೈಲ್ವೆ ಯಾರ್ಡಿನಲ್ಲಿ ಗಾಲಿ ಬಡಿದ ಕೈ ಅದು. ನಿಂತ ರೈಲಿನ ಪಕ್ಕದಲ್ಲಿ ನಡೆಯುತ್ತ, ಉದ್ದ ಹಿಡಿಯ ಸುತ್ತಿಗೆಯಿಂದ ಗಾಲಿಗೊಂದು ಏಟು ಹಾಕಿ, ಸದ್ದು ಕೇಳಿ ಮುಂದಕ್ಕೆ ಹೋಗುವುದೇ ಕೆಲಸ. ಗಟ್ಟಿ ಗಾಲಿ ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಗೊಣಗುತ್ತದೆ. ನಿವೃತ್ತಿಯ ದಿನ ಸುತ್ತಿಗೆಯನ್ನೇನೋ ಒಪ್ಪಿಸಿ ಬಂದ, ಆದರೆ ಕೈ ಸುಮ್ಮನಿರಬೇಕಲ್ಲ. ಬಾಗಿಲು, ನೀರಿನ ಡ್ರಮ್ಮು, ಗೋಡೆ, ಕೊನೆಗೆ ಊಟದ ತಟ್ಟೆ, ಕಂಡಕಂಡದ್ದಕ್ಕೆಲ್ಲ ಬೆರಳ ಗೆಣ್ಣಿನಿಂದ ಟಕ್ ಟಕ್. ಓಣಿಯಲ್ಲಿ ಅವನ ಹೆಸರು ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಅವನು ಟಕಟಕ ಮಾವ.

ಆ ವರ್ಷ ಅವನ ತಂಗಿ ರಾಜ್ಯ ಕೃಷಿ ಮೇಳದ ಕೌದಿ ಸ್ಪರ್ಧೆಗೆ ಸೇರಿದ್ದಳು. ಅವಳು ದರ್ಜಿ. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಗಳನ್ನೆಲ್ಲ ಕೂಡಿಸಿ ಎರಡು ವರ್ಷ ಹೊಲಿದ ಕೌದಿ. ಅಣ್ಣನನ್ನು ಮನೆಯಲ್ಲಿ ಬಿಟ್ಟರೆ ಗೋಡೆ ಉಳಿಯುವುದಿಲ್ಲ ಎಂದು ಅವನನ್ನೂ ಬಸ್ಸಿಗೆ ಹತ್ತಿಸಿದಳು.

ಮೇಳವೆಂದರೆ ಅದೇ ಒಂದು ಊರು. ಒಂದು ಕಡೆ ಹಸುಗಳಿಗೆ ಸೋಪು ಹಾಕಿ ಮೈ ತೊಳೆಯುತ್ತಿದ್ದರೆ ಇನ್ನೊಂದು ಕಡೆ ಕುರಿಯ ಉಣ್ಣೆಯನ್ನು ಅಂಗಿ ಬಿಚ್ಚಿದಷ್ಟು ಸಲೀಸಾಗಿ ಇಡಿಯಾಗಿ ಬಿಚ್ಚುತ್ತಿದ್ದರು. ತಂಗಿ ಕೌದಿಯ ಮಳಿಗೆಗೆ ಹೋದದ್ದೇ ತಡ, ಮಾವನಿಗೆ ರೆಕ್ಕೆ ಬಂತು. ಟ್ರ್ಯಾಕ್ಟರಿನ ಮಡ್ಗಾರ್ಡ್ ಬಡಿದು ನೋಡಿ, ಇದು ಯಾವ ತಗಡು, ಎಷ್ಟು ದಪ್ಪ ಎಂದು ಮಾರುವವನ ಪ್ರಾಣ ತಿಂದ. ಗಿರಗಿರ ತಿರುಗುವ ದೊಡ್ಡ ರಾಟೆ ತೊಟ್ಟಿಲಿನ ಕೆಳಗೆ ಕಾಲು ಗಂಟೆ ಕಿವಿಗೊಟ್ಟು ನಿಂತು, ಕೆಂಪು ತೊಟ್ಟಿಲಿನ ಬೇರಿಂಗು ಒಣಗಿದೆ ನೋಡಪ್ಪಾ ಎಂದು ನಡೆಸುವವನಿಗೆ ಹೇಳಿದ. ಅವನು ಮುಖ ಸಿಂಡರಿಸಿಕೊಂಡೇ ಮೇಲೆ ಹತ್ತಿ ನೋಡಿದ. ಇಳಿದು ಬಂದು ಗ್ರೀಸಿನ ಡಬ್ಬಿ ಹುಡುಕತೊಡಗಿದ.

ಹೀಗೆ ಅಲೆಯುತ್ತ ಮಾವ ಅತಿ ಭಾರದ ಕುಂಬಳಕಾಯಿ ಸ್ಪರ್ಧೆಯ ಷೆಡ್ಡಿಗೆ ಬಂದ. ಬಂದವನು ಅಲ್ಲೇ ನಿಂತುಬಿಟ್ಟ. ಮರದ ಹಲಗೆಗಳ ಮೇಲೆ ಒಂಬತ್ತು ಕಾಯಿ. ಕಾಯಿ ಅನ್ನುವುದೋ, ಮಲಗಿದ ಎಮ್ಮೆ ಅನ್ನುವುದೋ. ತಮ್ಮ ಭಾರಕ್ಕೆ ತಾವೇ ಜಗ್ಗಿ ಒಂದು ಪಕ್ಕಕ್ಕೆ ಕೂತಿದ್ದವು. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಅದರ ಪಕ್ಕ ಸ್ಟೂಲಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕೂತಿದ್ದಳು. ಅದನ್ನು ಬೆಳೆದವಳು ಅವಳೇ. ಆಸ್ಪತ್ರೆಯ ನರ್ಸು, ರಾತ್ರಿ ಪಾಳಿ ಮುಗಿಸಿ ನೇರ ಬಂದವಳು.

ಎಲ್ಲರೂ ಕಾಯಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಪ್ರಶ್ನೆ ಕೇಳಿದವನು ಮಾವನೊಬ್ಬನೇ. ನರ್ಸಮ್ಮನಿಗೆ ನಿದ್ದೆ ಹಾರಿತು. ಬಳ್ಳಿಯಲ್ಲಿ ಒಂದೇ ಹೀಚು ಉಳಿಸಿ ಮಿಕ್ಕದ್ದನ್ನೆಲ್ಲ ಚಿವುಟಿದ್ದು, ಬಿಸಿಲಿಗೆ ಹಾಸಿಗೆಯ ಚಾದರ ಹೊದಿಸಿದ್ದು, ಕೆಲವು ದಿನ ಒಂದೇ ಹಗಲು ರಾತ್ರಿಯಲ್ಲಿ ಹದಿನೈದು ಕಿಲೋ ಏರಿದ್ದು, ಎಲ್ಲ ಹೇಳಿದಳು. ಮಾವ ಬಾಯಿ ಬಿಟ್ಟುಕೊಂಡು ಕೇಳಿದ. ಕೊನೆಗೆ ತಡೆಯಲಾರದೆ, ತಾನು ಗಾಲಿ ಬಡಿಯುತ್ತಿದ್ದ ಕಥೆ ಹೇಳಿ, ಒಂದು ಸಲ ಬಡಿದು ನೋಡಲೇ ಎಂದ. ಆಕೆ ನಕ್ಕು ಒಪ್ಪಿದಳು.

ನೆತ್ತಿಯ ಮೇಲೆ ಬಡಿದ: ಧಮ್. ಬಲಕ್ಕೆ: ಧಮ್. ಹಿಂದೆಯೂ ಅದೇ, ದೊಡ್ಡ ನಗಾರಿಯ ಹಾಗೆ ತುಂಬಿದ ಸದ್ದು. ಎಡಗಡೆ ಬುಡದ ಹತ್ತಿರ ಮಾತ್ರ ಥಪ್ ಎಂದಿತು. ಮಾವನ ಕಿವಿ ನಿಮಿರಿತು. ಮತ್ತೆ ಬಡಿದ. ಥಪ್. ಒಂದು ಗೇಣು ಆಚೆ ಹೋದರೆ ಮತ್ತೆ ಧಮ್.

ತೂಕಕ್ಕೆ ಇನ್ನು ಒಂದೇ ತಾಸು. ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಮುಗಿದಿತ್ತು. ಆದರೆ ಸದ್ದು ಬೇರೆಯಾದಾಗ ಯಾಕೆ ಅಂತ ಕೇಳದೆ ಹೆಜ್ಜೆ ಮುಂದಿಟ್ಟ ಅಭ್ಯಾಸವೇ ಅವನಿಗಿರಲಿಲ್ಲ.

"ತಾಯಿ, ಎಡಗಡೆ ಕೆಳಗೆ ಸದ್ದು ಬೇರೆ ಇದೆ."

ನರ್ಸಮ್ಮನ ಮುಖದ ನಗು ಇಳಿಯಿತು. ಚೀಲದಿಂದ ಸ್ಟೆತಾಸ್ಕೋಪ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡಳು. ಮಾವ ಬಡಿಯುತ್ತ ಹೋದ, ಆಕೆ ಕೇಳುತ್ತ ಹೋದಳು. ನೋಡಿದವರು ಕುಂಬಳಕಾಯಿಗೆ ಎದೆನೋವು ಬಂದಿದೆಯೇ ಎಂದು ನಗುತ್ತಿದ್ದರು. ಆಮೇಲೆ ಇಬ್ಬರೂ ನೆಲದ ಮೇಲೆ ಬೋರಲು ಮಲಗಿ ಮೊಬೈಲಿನ ಬೆಳಕು ಬಿಟ್ಟು ನೋಡಿದರು. ಹಲಗೆಗೆ ತಾಗುವ ಮಡಿಕೆಯಲ್ಲಿ ಬೆರಳುದ್ದದ ಬಿರುಕು. ನರ್ಸಮ್ಮ ಪೊರಕೆಯ ಕಡ್ಡಿಯೊಂದನ್ನು ತೂರಿಸಿದಳು. ಗೇಣುದ್ದದ ಕಡ್ಡಿ ಎಲ್ಲೂ ತಡೆಯದೆ ಒಳಕ್ಕೆ ಹೋಯಿತು.

ಟೊಳ್ಳಿನವರೆಗೆ ತೂತು ಬಿದ್ದ ಕಾಯಿ ಸ್ಪರ್ಧೆಗಿಲ್ಲ ಎಂದು ಆಕೆಯೇ ಹೇಳಿದಳು. ತೂತಿದ್ದರೆ ಯಾರು ಒಳಗೆ ನೀರು ತುಂಬಿ ತಂದರೋ ಯಾರಿಗೆ ಗೊತ್ತು, ಅದಕ್ಕೇ ಆ ನಿಯಮ. ಮಾವನಿಗೆ ತನ್ನ ಕೈಯನ್ನೇ ಕತ್ತರಿಸಿಕೊಳ್ಳುವಷ್ಟು ಸಂಕಟವಾಯಿತು.

ಕಡ್ಡಿ ಹೊರಗೆಳೆಯುತ್ತ ಆಕೆ ಕೇಳಿದಳು: "ಗಾಲಿಯಲ್ಲಿ ಬಿರುಕು ಸಿಕ್ಕಿದ್ರೆ ಏನು ಮಾಡ್ತಿದ್ರಿ ಅಣ್ಣ?"

"ಸೀಮೆಸುಣ್ಣದಲ್ಲಿ ಗುರುತು ಹಾಕಿ ಬೋಗಿ ಬಿಡಿಸ್ತಿದ್ದೆ. ರೈಲು ತಡ ಆಗೋದು. ಜನ ಬೈಯೋರು."

"ಇದರಲ್ಲಿ ಯಾರೂ ಕೂತು ಹೋಗಲ್ವಲ್ಲ."

"ಇಲ್ಲ," ಎಂದ ಮಾವ. ಅವನ ಪಾಲಿನದ್ದು ಹೇಳಿ ಆಗಿತ್ತು, ಉಳಿದದ್ದು ಆಕೆಯದು.

ನರ್ಸಮ್ಮ ಎದ್ದು ಸೀರೆಗೆ ಹತ್ತಿದ ಧೂಳು ಕೊಡವಿಕೊಂಡು, ತೀರ್ಪುಗಾರರ ಮೇಜಿನ ಹತ್ತಿರ ತಾನೇ ನಡೆದಳು.

ತೀರ್ಪುಗಾರರು ಬಂದು ನೋಡಿ, ಪಾಪ ಎಂದು ಲೊಚಗುಟ್ಟಿ, ಸ್ಪರ್ಧೆಯಿಂದ ಹೊರಗಿಟ್ಟರು. ಆದರೂ ತೂಗಿ ನೋಡಿದರು. ಗೆದ್ದ ಕಾಯಿಗಿಂತ ಒಂಬತ್ತು ಕಿಲೋ ಜಾಸ್ತಿ ಬಂತು. ನರ್ಸಮ್ಮ ಆ ಅಂಕಿಯನ್ನು ಎರಡು ಸಲ ಓದಿ, ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, ಸ್ಟೂಲಿನ ಮೇಲೆ ಕುಸಿದು ಕೂತಳು. ಅಷ್ಟರಲ್ಲಿ ಮಾವನ ತಂಗಿ ಮೂರನೇ ಬಹುಮಾನದ ರಿಬ್ಬನ್ ಹಿಡಿದು ಅಣ್ಣನನ್ನು ಹುಡುಕಿಕೊಂಡು ಬಂದಳು. ನಡೆದದ್ದು ಕೇಳಿ ಹಣೆ ಚಚ್ಚಿಕೊಂಡಳು. ಅಣ್ಣನನ್ನು ಚೆನ್ನಾಗಿ ಬೈದು, ನರ್ಸಮ್ಮನ ಪಕ್ಕ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟಳು.

ಚಹಾ ಕುಡಿದ ಮೇಲೆ ನರ್ಸಮ್ಮ ಮಾವನತ್ತ ತಿರುಗಿದಳು. "ಬಿರುಕು ಬಿಟ್ಟದ್ದು ಮನೆ ತಲುಪೋದ್ರೊಳಗೆ ಕೊಳೀತದೆ. ಇಲ್ಲೇ ಕೊಯ್ಯೋಣ. ಒಳಗೇನಿದೆ ಅಂತ ನೋಡೋ ಆಸೆ ನಿಮಗೂ ಇದೆ, ಸುಳ್ಳು ಹೇಳಬೇಡಿ."

ಮಾವ ಸುಳ್ಳು ಹೇಳಲಿಲ್ಲ.

ಬಡಗಿ ವಿಭಾಗದಿಂದ ಇಬ್ಬರು ಹಿಡಿಯುವ ಗರಗಸ ಬಂತು. ಒಂದು ತುದಿ ನರ್ಸಮ್ಮ, ಇನ್ನೊಂದು ತುದಿ ಮಾವ. ಗೇಣು ದಪ್ಪದ ತಿರುಳು, ಎಳೆದಷ್ಟೂ ಮುಗಿಯದು. ಸುತ್ತ ಜನ ಕೂಡಿದರು. ಕೊನೆಗೆ ಮೇಲಿನ ಹೋಳು ಜಾರಿ ಬಿತ್ತು, ಎಲ್ಲರೂ ಬಗ್ಗಿದರು.

ಒಂದು ಸಣ್ಣ ಕೋಣೆಯಷ್ಟು ಟೊಳ್ಳು. ಹಳದಿ ನಾರು ಹಗ್ಗದ ಹಾಗೆ ಜೋತುಬಿದ್ದಿತ್ತು. ಆ ನಾರಿನಲ್ಲಿ ಕಚ್ಚಿಕೊಂಡ ಬೀಜಗಳು ಒಡೆದು ಮೊಳೆತಿದ್ದವು! ಒಂದಲ್ಲ ಎರಡಲ್ಲ, ನೂರಾರು. ಮೈಯೆಲ್ಲ ಬೆಳ್ಳಗೆ, ದಾರದಷ್ಟು ಸಣ್ಣ, ತುದಿಯಲ್ಲಿ ಪೇಲವ ಹಳದಿಯ ಎರಡೆರಡು ಎಲೆ. ಕತ್ತಲೆಯಲ್ಲೇ ಹುಟ್ಟಿ, ಅಷ್ಟೂ ಒಂದೇ ದಿಕ್ಕಿಗೆ ಬಾಗಿದ್ದವು, ಆ ಬೆರಳುದ್ದದ ಬಿರುಕಿನ ಕಡೆಗೆ.

ತಂಗಿ ಕರವಸ್ತ್ರ ಒದ್ದೆ ಮಾಡಿ ಕೊಟ್ಟಳು. ನರ್ಸಮ್ಮ ಹಸುಗೂಸನ್ನು ಎತ್ತುವ ಹಾಗೆ ಒಂದು ಮೊಳಕೆಯನ್ನು ಬಿಡಿಸಿ ಅದರ ಮೇಲಿಟ್ಟಳು.

"ಅಷ್ಟು ಸಣ್ಣ ಬಿರುಕು, ಅದೂ ಹಲಗೆಗೆ ಆತುಕೊಂಡಿದ್ದದ್ದು. ಬೆಳಕು ಆ ಕಡೆ ಇದೆ ಅಂತ ಇದಕ್ಕೆ ಹೇಗೆ ಗೊತ್ತಾಯ್ತು?" ಎಂದ ಮಾವ.

ನರ್ಸಮ್ಮನಿಗೆ ಗೊತ್ತಿರಲಿಲ್ಲ. ತಂಗಿಗೂ ಗೊತ್ತಿರಲಿಲ್ಲ. ಜೇನುಪೆಟ್ಟಿಗೆಗಳ ಆಚೆ ಕೃಷಿ ಕಾಲೇಜಿನವರ ಮಳಿಗೆಯಿದೆ, ಸಂಜೆ ಆರಕ್ಕೆ ಮುಚ್ಚುತ್ತಾರೆ ಎಂದು ಗರಗಸ ತಂದವನು ಹೇಳಿದ. ಆರಕ್ಕೆ ಇನ್ನು ಇಪ್ಪತ್ತು ನಿಮಿಷವಿತ್ತು. ಮೂವರೂ ಕರವಸ್ತ್ರದ ಮೇಲಿನ ಮೊಳಕೆ ಬೀಳದ ಹಾಗೆ ಹಿಡಿದುಕೊಂಡು, ಜನರನ್ನು ಸರಿಸುತ್ತ, ಆ ಕಡೆಗೆ ದಾಪುಗಾಲು ಹಾಕಿದರು.