ನಿಂಬೆಹಣ್ಣಿನ ಜೊತೆ ಹನ್ನೆರಡು ಹಾಡು

ಬೋರಗಾಂವದ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ಪಾರಿಸನಿಗೆ ಒಂದು ಹುಚ್ಚಿತ್ತು. ಹುಚ್ಚು ಯಾರಿಗಿರುವುದಿಲ್ಲ ಹೇಳಿ? ಒಬ್ಬರಿಗೆ ಪಾರಿವಾಳದ್ದು, ಒಬ್ಬರಿಗೆ ಟಗರಿನ ಕಾಳಗದ್ದು, ಇನ್ನೊಬ್ಬರಿಗೆ ಎಲೆಕ್ಷನ್ನಿನದು. ಪಾರಿಸನದು ಹಾಡಿನ ಹುಚ್ಚು. ಅದೂ ಊರು ಕೇಳುವ ಹಾಡಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕು ಜನ ಗೆಳೆಯರು ಹಿತ್ತಲಿನ ಕೋಣೆಯಲ್ಲಿ ಕೂತು ಗಿಟಾರ್ ಬಾರಿಸಿ ಮಾಡಿಕೊಂಡ ಇಂಡೀ ರಾಕ್, ಮತ್ತು ಮಾತನ್ನೇ ತಾಳಕ್ಕೆ ಕಟ್ಟಿ ಲೋಕವನ್ನು ಝಾಡಿಸುವ ಹಿಪ್‌ಹಾಪ್. ಶಿಲ್ಲಾಂಗಿನಿಂದ ಹಿಡಿದು ಬ್ರೆಜಿಲ್‌ವರೆಗೆ ಎಲ್ಲೆಲ್ಲಿಯದನ್ನೋ ಹುಡುಕಿ, ತಿಂಗಳಿಗೆ ಹನ್ನೆರಡು ಹಾಡು ಆರಿಸಿ, ಒಂದರ ಹಿಂದೆ ಒಂದು ಕೂಡಿಸುತ್ತಿದ್ದ. ಕೂಡಿಸುವುದರಲ್ಲೇ ಅವನ ಪ್ರಾಣವಿತ್ತು. ಅಳುವ ಹಾಡಿನ ಬೆನ್ನಿಗೆ ಬೈಯುವ ಹಾಡು ಬರಬೇಕೋ, ಸುಮ್ಮನಿರಿಸುವ ಹಾಡು ಬರಬೇಕೋ ಎಂಬ ಚಿಂತೆಯಲ್ಲಿ ಗಿರಾಕಿಯ ಮೊಬೈಲಿಗೆ ಬೇರೆಯವರ ಡಿಸ್‌ಪ್ಲೇ ಕೂರಿಸಿದ್ದೂ ಉಂಟು.

ಆದರೆ ಕೇಳುವವರಿರಲಿಲ್ಲ. ಹೆಂಡತಿ ತ್ರಿಶಲಾ ಒಮ್ಮೆ ಕೂತು ನಾಲ್ಕು ಹಾಡು ಕೇಳಿ, "ಇದರಾಗ ಹಾಡು ಯಾವಾಗ ಶುರು ಆಗತೈತ್ರಿ?" ಎಂದು ಎದ್ದು ಹೋಗಿದ್ದಳು. ಪಾರಿಸನಿಗೆ ಹೊಗಳಿಕೆ ಬೇಕಾಗಿರಲಿಲ್ಲ. ಒಬ್ಬರು, ಒಬ್ಬರೇ ಒಬ್ಬರು, ಹನ್ನೆರಡನ್ನೂ ಕೇಳಿ ಬಂದು, 'ಆ ಏಳನೇದು ಚಲೋ ಇತ್ತು ನೋಡು' ಎಂದರೆ ಸಾಕಿತ್ತು. ಜನ್ಮಕ್ಕೆ ಅಷ್ಟೇ ಆಸೆ.

ದೀಪಾವಳಿ ಅಮಾವಾಸ್ಯೆಯ ದಿನ ಆ ತಿಂಗಳ ಹನ್ನೆರಡನ್ನು ಪೆನ್‌ಡ್ರೈವಿಗೆ ಹಾಕಿ ಗೆಳೆಯ ದುಂಡೇಶನಿಗೆ ಕೊಟ್ಟ. ದುಂಡೇಶ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಡ್ರೈವರ್. ಟ್ರ್ಯಾಕ್ಟರಿನ ಮೇಲೆ ಟ್ರಂಕಿನಷ್ಟು ದೊಡ್ಡ ಎರಡು ಸ್ಪೀಕರು. ಅಮಾವಾಸ್ಯೆ ದಿನ ನಮ್ಮ ಕಡೆ ಟ್ರ್ಯಾಕ್ಟರಿಗೆ ರಜೆ. ಅವತ್ತು ತೊಳೆದು, ಪೂಜೆ ಮಾಡಿ, ಹಳೆಯ ನಿಂಬೆಹಣ್ಣು ಮೆಣಸಿನಕಾಯಿ ಬಿಚ್ಚಿ ಹೊಸದು ಕಟ್ಟುತ್ತಾರೆ. ದುರ್ದೈವಕ್ಕೆ ದುಂಡೇಶನ ಟೇಪಿನ ವಾಯರನ್ನು ಇಲಿ ಕಡಿದಿತ್ತು. ರಿಪೇರಿಯಾಗುವತನಕ ಪೆನ್‌ಡ್ರೈವ್ ಕಳೆಯಬಾರದೆಂದು ಅವನು ಅದನ್ನೂ ನಿಂಬೆಹಣ್ಣಿನ ದಾರಕ್ಕೇ ಪೋಣಿಸಿ ಟ್ರ್ಯಾಕ್ಟರಿನ ಮೂತಿಗೆ ಕಟ್ಟಿಬಿಟ್ಟ.

ಹನ್ನೆರಡು ದಿನಕ್ಕೆ ಸರಿಯಾಗಿ, ಜೋಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡಿದ್ದ ಆ ಟ್ರ್ಯಾಕ್ಟರು ಕಾಲುವೆಯ ತಿರುವಿನಲ್ಲಿ ಬ್ರೇಕು ಹತ್ತದೆ ಜಾರಿತು. ಇನ್ನೇನು ಕಾಲುವೆಗೆ ಬಿತ್ತು ಎನ್ನುವಾಗ ಒಂದು ಜಾಲಿ ಮರಕ್ಕೆ ಆತುಕೊಂಡು ನಿಂತಿತು. ದುಂಡೇಶನಿಗೆ ತರಚುಗಾಯವೂ ಆಗಲಿಲ್ಲ. ಊರೇ ಓಡಿಬಂತು. ತನ್ನವೇ ಬೇರೆ ಎರಡು ಟ್ರ್ಯಾಕ್ಟರುಗಳಿದ್ದ ಮಲಕಾರಿ ಮುದುಕ ಬಗ್ಗಿ ಟ್ರ್ಯಾಕ್ಟರಿನ ಮೂತಿ ಪರೀಕ್ಷಿಸಿದ.

"ನಿಂಬಿಹಣ್ಣ ಉದರೈತಿ. ಮೆಣಸಿನಕಾಯಿ ಉದರ್‍ಯಾವು. ಉಳದದ್ದು ಯಾವುದ್ರೋ?"

ಎಲ್ಲರೂ ಬಗ್ಗಿ ನೋಡಿದರು. ಪೆನ್‌ಡ್ರೈವ್ ಒಂದೇ ದಾರದಲ್ಲಿ ತೂಗಾಡುತ್ತಿತ್ತು. ಜಾಲಿ ಮರ ಅಲ್ಲಿ ಮೂವತ್ತು ವರ್ಷದಿಂದ ನಿಂತಿತ್ತು. ಅದಕ್ಕೆ ಯಾರೂ ಒಂದು ಊದುಬತ್ತಿ ಹಚ್ಚಲಿಲ್ಲ.

ಮುಂದಿನದು ಛಟ್ಟಿ ಅಮಾವಾಸ್ಯೆ. ಪಾರಿಸನ ಅಂಗಡಿಯ ಮುಂದೆ ಹನ್ನೊಂದು ಟ್ರ್ಯಾಕ್ಟರು ಬಂದು ನಿಂತವು. "ನಮಗೂ ಆ ತಿಂಗಳ ಹಾಡಿಂದು ಒಂದೊಂದು ಹಾಕಿ ಕೊಡು." ಪಾರಿಸನಿಗೆ ಸ್ವರ್ಗ ಮೂರೇ ಗೇಣು. ಹನ್ನೊಂದು ಜನ ಕೇಳುಗರು! ಒಂದು ವಾರ ತಾಳಿಕೊಂಡು, ಕೊನೆಗೆ ತಡೆಯಲಾರದೆ ಮಲಕಾರಿಯನ್ನು ಹಿಡಿದು ಕೇಳಿದ.

"ಮಾಮಾ, ಯಾವ ಹಾಡ ಚಲೋ ಅನಸ್ತು?"

"ಯಾವ ಹಾಡ?"

"ಪೆನ್‌ಡ್ರೈವ್‌ದಾಗಿಂದು. ಹಚ್ಚಿ ಕೇಳಲಿಲ್ಲೇನು?"

ಮಲಕಾರಿ ಸುತ್ತ ನೋಡಿ ದನಿ ತಗ್ಗಿಸಿದ. "ಹುಚ್ಚ ಅದಿಯೇನಲೇ? ಹಚ್ಚಿದರ ಒಳಗಿನ ಶಕ್ತಿ ಹೊರಗ ಹೋಗತೈತಿ. ನೀ ಕಷ್ಟಪಟ್ಟ ತುಂಬೀದಿ, ನಾವು ಅದನ್ನ ಸ್ಪೀಕರ್‌ದಾಗ ಚೆಲ್ಲಿ ಹಾಳ ಮಾಡೂಣೇನು?"

ಅಲ್ಲಿಂದ ನಿಯಮಗಳು ಹುಟ್ಟಿಕೊಂಡವು. ಪೆನ್‌ಡ್ರೈವಿಗೆ ಅರಿಷಿಣ ಕುಂಕುಮ ಹಚ್ಚಬೇಕು. ಎಡಗೈಯಲ್ಲಿ ಮುಟ್ಟಬಾರದು. ಮತ್ತು ಯಾವ ಕಾರಣಕ್ಕೂ ಕೇಳಬಾರದು. ರಾಯಬಾಗದಿಂದ, ಅಥಣಿಯಿಂದಲೂ ಟ್ರ್ಯಾಕ್ಟರಿನವರು ಬರತೊಡಗಿದರು. ಒಬ್ಬ ತನ್ನ ಕೋಣದ ಕೊರಳಿಗೆ ಕಟ್ಟಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಕಿನ್ನರಿಯನ್ನು ಕೋಣನ ಕೊರಳಿಗೇ ಕಟ್ಟಿದ್ದರು. ಬಾರಿಸುವುದಕ್ಕೆ ಮಾತ್ರ ಬಿಡುತ್ತಿರಲಿಲ್ಲ.

ಪ್ರತಿ ಅಮಾವಾಸ್ಯೆ ಬೆಳಗ್ಗೆ ಹಳೆಯ ಪೆನ್‌ಡ್ರೈವುಗಳನ್ನು ನಿಂಬೆಹಣ್ಣಿನ ಸಮೇತ ಬಿಚ್ಚಿ, ಊರ ಹೊರಗೆ ಮೂರು ದಾರಿ ಕೂಡುವಲ್ಲಿ ಎಸೆಯುತ್ತಿದ್ದರು. ದಾಟಿದರೆ ಪೀಡೆ ಹತ್ತುತ್ತದೆಂದು ಜನ ಗದ್ದೆಗಿಳಿದು ಸುತ್ತುಹಾಕಿ ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನಿಂಬೆಹಣ್ಣು ಅಲ್ಲೇ ಇರುತ್ತಿತ್ತು, ಪೆನ್‌ಡ್ರೈವ್ ಮಾಯವಾಗಿರುತ್ತಿತ್ತು. "ಎಳಕೊಂಡ ಹೋಗೂದು ಎಳಕೊಂಡ ಹೋಗೈತಿ ಬಿಡು" ಎಂದು ದುಂಡೇಶ ಹಣೆಗೆ ಕೈ ಹಚ್ಚಿ ನಮಸ್ಕಾರ ಮಾಡುತ್ತಿದ್ದ.

ಆ ದಿನಗಳಲ್ಲೇ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸ ಮಾಡುವ ಸುಂದರಾ ಎಂಬ ನಲವತ್ತರ ಹೆಂಗಸು ಅಂಗಡಿಗೆ ಬಂದು, ಮೊಬೈಲಿಗೆ ಪೆನ್‌ಡ್ರೈವ್ ಚುಚ್ಚುವ ಪಿನ್ನು ಕೇಳಿದಳು. ಪಾರಿಸ ಆಸೆ ಬಿಡದೆ, "ಅಕ್ಕಾರ, ಹಾಡ ಹಾಕಿ ಕೊಡ್ಲ್ಯಾ? ಬ್ಯಾರೆ ನಮೂನಿವು ಅದಾವು" ಎಂದ.

"ಬ್ಯಾಡ್ರಿ, ನನ್ನ ಕಡೆ ಅದಾವು" ಎಂದು ಅವಳು ಪಿನ್ನು ತೆಗೆದುಕೊಂಡು ಹೋದಳು. ಎಲ್ಲರ ಕಡೆಯೂ ಇರುತ್ತವೆ, ನನ್ನವೇ ಯಾರಿಗೂ ಬೇಡ ಎಂದು ಪಾರಿಸ ಬಹಳ ನೊಂದುಕೊಂಡ.

ಶಿವರಾತ್ರಿ ಅಮಾವಾಸ್ಯೆಗೆ ಅವನ ತಾಳ್ಮೆ ತೀರಿತು. ಇಪ್ಪತ್ತಾರು ಪೆನ್‌ಡ್ರೈವುಗಳನ್ನು ಖಾಲಿಯಾಗಿಯೇ ಹಂಚಿದ. ಯಾರಾದರೂ ಒಬ್ಬ ಬಂದು, 'ಇದರಾಗ ಏನೂ ಇಲ್ಲಲಾ' ಎಂದು ಜಗಳ ತೆಗೆಯಲಿ ಎಂದು ದಿನವೂ ದಾರಿ ಕಾದ. ಯಾರೂ ಬರಲಿಲ್ಲ. ಮಲಕಾರಿ ಮಾತ್ರ ಬಂದು ಬೆನ್ನು ತಟ್ಟಿದ. "ಈ ಸಲದ್ದು ಭಾಳ ಜೋರೈತಿ. ಟ್ರ್ಯಾಕ್ಟರ್ ಡೀಸೆಲ್ಲೂ ಕಡಿಮಿ ಕುಡ್ಯಾಕತ್ತೈತಿ."

ಐದು ವರ್ಷದಿಂದ ತಿಂಗಳು ತಿಂಗಳೂ ಜೀವ ತೇಯ್ದು ಕೂಡಿಸಿದ ಹಾಡಿಗೂ ಖಾಲಿ ಪ್ಲಾಸ್ಟಿಕ್ಕಿಗೂ ವ್ಯತ್ಯಾಸವಿಲ್ಲ ಎಂದಮೇಲೆ ಆರಿಸುವುದೇಕೆ, ಕೂಡಿಸುವುದೇಕೆ? ಪಾರಿಸ ಅಂಗಡಿಯಲ್ಲೂ ಮನೆಯಲ್ಲೂ ಹಾಡು ಹಚ್ಚುವುದನ್ನೇ ನಿಲ್ಲಿಸಿದ. ನಾಲ್ಕು ದಿನ ನೋಡಿ ತ್ರಿಶಲಾಳೇ ಕೇಳಿದಳು, "ನಿಮ್ಮ ಆ ಮಿಕ್ಸರ್ ಯಾಕ ಬಂದ್ ಆಗೈತ್ರಿ? ಮನ್ಯಾಗ ಬಣಬಣ ಅನಸಾಕತ್ತೈತಿ." ಅವನು ಇಯರ್‌ಫೋನನ್ನೂ ಸುತ್ತಿ ಎತ್ತಿಟ್ಟ. ಯುಗಾದಿ ಅಮಾವಾಸ್ಯೆಗೂ ಖಾಲಿಯವನ್ನೇ ಹಂಚಿ, ಇಂಥ ದಂಧೆಗೆ ಒಮ್ಮೆ ಕೈಮುಗಿದುಬಿಡುವುದೆಂದು ನಿಶ್ಚಯಿಸಿದ.

ಯುಗಾದಿ ಅಮಾವಾಸ್ಯೆಯ ಮಧ್ಯಾಹ್ನ, ಹಳೆಯವನ್ನು ಮೂರು ದಾರಿಗೆ ಎಸೆದು ಬಂದ ಟ್ರ್ಯಾಕ್ಟರುಗಳು ಮಿಂದು ಹೂವು ಮುಡಿದು ಸಾಲಾಗಿ ನಿಂತಿದ್ದವು. ಪಾರಿಸ ಖಾಲಿ ಪೆನ್‌ಡ್ರೈವುಗಳ ಡಬ್ಬಿ ತೆರೆದಿದ್ದನಷ್ಟೇ. ಸಾಲನ್ನು ಸೀಳಿಕೊಂಡು ಸುಂದರಾ ಬಂದಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದನ್ನು ಗಲ್ಲೆಯ ಮೇಲೆ ಬೋರಲು ಹಾಕಿದಳು. ಅರಿಷಿಣ ಕುಂಕುಮ ಮೆತ್ತಿದ ಇಪ್ಪತ್ತಾರು ಪೆನ್‌ಡ್ರೈವುಗಳು ಬಿದ್ದವು. ಮುಂದಿದ್ದ ಡ್ರೈವರುಗಳು "ಅಯ್ಯಯ್ಯ" ಎಂದು ಬೀದಿಗೇ ಹಾರಿದರು.

"ಇಪ್ಪತ್ತಾರೂ ಚುಚ್ಚಿ ನೋಡೀನ್ರಿ ಪಾರಿಸಣ್ಣಾ. ಒಂದರಾಗೂ ಒಂದು ಹಾಡಿಲ್ಲ. ಏನಿದು?"

ಪಾರಿಸ ಒಂದು ಪೆನ್‌ಡ್ರೈವ್ ಎತ್ತಿ ತಿರುಗಿಸಿ ನೋಡಿದ. ಬೀದಿಯಿಂದ ದುಂಡೇಶನೇ ಕೂಗಿದ. "ಯವ್ವಾ, ಮೂರು ದಾರಿಂದು ಮುಟ್ಟಿ ತಂದೀಯೇನ? ಅಂಜಿಕಿ ಇಲ್ಲೇನ ನಿನಗ?"

"ನಾವು ಬೌದ್ಧರೋ ತಮ್ಮಾ. ನಮ್ಮನ್ಯಾಗ ನಿಂಬಿಹಣ್ಣ ಶರಬತ್ತಿಗೆ ಅಷ್ಟ." ಸುಂದರಾ ಅತ್ತ ತಿರುಗಿಯೂ ನೋಡಲಿಲ್ಲ. "ಹೇಳ್ರಿ ಅಣ್ಣಾ, ಯಾಕ ಖಾಲಿ?"

"ಖಾಲಿ ಆಗಬೇಕಲ್ಲಬೇ!" ದುಂಡೇಶ ಬಿಡಲಿಲ್ಲ. "ತಿಂಗಳೆಲ್ಲಾ ನಮ್ಮನ್ನ ಕಾದೈತಿ. ಒಳಗಿಂದು ಖರ್ಚ ಆಗೈತಿ."

"ಮೊದಲಿನ ಮೂರು ತಿಂಗಳದ್ದು ತುಂಬಿದ್ದುವಲ್ಲೋ."

ದುಂಡೇಶ ತನ್ನ ಟ್ರ್ಯಾಕ್ಟರಿನ ಮೂತಿಯತ್ತ ನೋಡಿದ. "ಹಂಗಾರ ಈ ತಿಂಗಳ ಗಂಡಾಂತರ ದೊಡ್ಡದಿತ್ತು." ಸಾಲಿನಲ್ಲಿದ್ದವರೆಲ್ಲ ಹೌದೌದೆಂದು ತಲೆದೂಗಿ, ತಂತಮ್ಮ ಟ್ರ್ಯಾಕ್ಟರು ಮುಟ್ಟಿ ನಮಸ್ಕರಿಸಿದರು.

ಪಾರಿಸ ಗಲ್ಲೆಯ ಮೇಲೆ ಬಗ್ಗಿದ. "ಸುಂದರಕ್ಕಾ, ನೀವು... ನೀವು ಮೂರೂ ತಿಂಗಳದ್ದು ಕೇಳೀರೇನ್ರಿ?"

"ಕೇಳಲಾರದ ಏನ? ಎರಡು ಮಗ್ಗ ನೋಡತೀನಿ, ದಿನಕ್ಕ ಹನ್ನೆರಡು ತಾಸ ಕಿವ್ಯಾಗ ಅದೇ. ಆ ಬಡಬಡ ಮಾತಾಡೂ ಹಾಡು ಅದಾವಲ್ಲ, ಮಗ್ಗದ ಸಪ್ಪಳಕ್ಕ ಬರೋಬ್ಬರಿ ಕೂಡತಾವು. ಆದರ ಎಳ್ಳ ಅಮಾಸಿಗೆ ಸಿಕ್ಕಿದ್ದರಾಗ ಏಳನೇದು ಚಲೋ ಇಲ್ಲ ನೋಡ್ರಿ. ಅದನ್ನ ಅಲ್ಲಿ ಯಾಕ ಹಾಕಿದ್ರಿ? ಆರನೇದು ಕೇಳಿ ಮನಸ್ಸು ಹಸಿ ಇರತೈತಿ, ಅಷ್ಟರಾಗ ಅವ ಬಂದು ಬೈಯಾಕ ಶುರು ಮಾಡತಾನ. ಮತ್ತ ಆ ಆರನೇದೂ ತುಂಡಾಗೇತಿ."

"ತುಂಡಾಗೇತಿ?"

"ಹೌದ್ರಿ. ಭಾಷೆ ನನಗ ತಿಳಿಯಂಗಿಲ್ಲ. ಆದರ ಆ ಹೆಣ್ಮಗಳು ಯಾರಿಗೋ ಬಾಗಿಲಾ ತಗೀರಿ, ಬಾಗಿಲಾ ತಗೀರಿ ಅನ್ನಾಕತ್ತಂಗ ಐತಿ. ದನಿ ಏರಸತಾಳ, ಏರಸತಾಳ, ಅಲ್ಲೇ ಬಂದ್. ಮೂರು ತಿಂಗಳಾತು, ನನಗ ಅದ ಚಿಂತಿ. ತಗದ್ರೋ ಇಲ್ಲೋ?"

ಹಾಡು ತುಂಡಾಗಿದ್ದು ಪಾರಿಸನಿಗೆ ಗೊತ್ತೇ ಇರಲಿಲ್ಲ. ಹಾಡು ಕೂಡಿಸುವಾಗಲೇ ಕರೆಂಟು ಹೋಗಿ, ಎಲ್ಲ ಪೆನ್‌ಡ್ರೈವಿಗೂ ತುಂಡೇ ಹೋಗಿದ್ದಿರಬೇಕು. ಹನ್ನೆರಡಕ್ಕೆ ಹನ್ನೆರಡೂ ಕೇಳಿದವರು ಒಬ್ಬರಾದರೂ ಇದ್ದರೆ ತಾನೆ ಹೇಳುವುದು? ಅವನ ಕಣ್ಣು ತುಂಬಿ ಬಂತು. ಐದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಅವನ ಏಳನೇ ಹಾಡು ಚೆನ್ನಾಗಿಲ್ಲ ಎಂದಿದ್ದರು. ಇಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಅವನು ಖಾಲಿ ಪೆನ್‌ಡ್ರೈವುಗಳ ಡಬ್ಬಿಯನ್ನು ಮುಚ್ಚಿ ಕಾಲ ಬಳಿ ಇಟ್ಟ. ಬೀದಿಯತ್ತ ನೋಡಿ, "ಇವತ್ತ ತಡಾ ಆಗತೈತ್ರೆಪಾ. ಇನ್ನೂ ಹಾಡ ಕೂಡಿಸಬೇಕು" ಎಂದ. ಸ್ಟೂಲು ಎಳೆದು ಸುಂದರಾಳಿಗೆ ಕೊಟ್ಟ. "ಕೂಡ್ರಿ ಅಕ್ಕಾರ. ಇನ್ನ ಮುಂದ ಮೂರು ದಾರ್‍ಯಾಗ ಆರಸಾಕ ಹೋಗಬ್ಯಾಡ್ರಿ. ನಿಮಗ ಬ್ಯಾರೆ ಒಂದು ಕೊಡತೀನಿ."

"ಕೊಡ್ರಿ. ಅರಿಷಿಣ ಹಚ್ಚಬ್ಯಾಡ್ರಿ ಅಷ್ಟ, ಪಿನ್ನಿನಾಗ ಕೂಡತೈತಿ."

ಹೊರಗೆ ಟ್ರ್ಯಾಕ್ಟರುಗಳ ಸಾಲು ಬಸ್ ನಿಲ್ದಾಣ ದಾಟಿತು. ನಿಪ್ಪಾಣಿ ಬಸ್ಸು ಒಂದೇ ಸಮನೆ ಹಾರ್ನ್ ಹೊಡೆಯಿತು. ದುಂಡೇಶ ಓಡಿ ಹೋಗಿ ಕಂಡಕ್ಟರನಿಗೆ ಕೈಸನ್ನೆ ಮಾಡಿದ. "ಸಪ್ಪಳ ಮಾಡಬ್ಯಾಡ್ರಿ, ಒಳಗ ತುಂಬಾಕತ್ತಾರ."

ಒಳಗೆ ಇಯರ್‌ಫೋನಿನ ಒಂದು ತುದಿ ಪಾರಿಸನ ಕಿವಿಯಲ್ಲಿತ್ತು, ಇನ್ನೊಂದು ಸುಂದರಾಳ ಕಿವಿಯಲ್ಲಿ. ಅವನು ತನ್ನ ಕಂಪ್ಯೂಟರಿನಲ್ಲಿದ್ದ ಇಡೀ ಆರನೇ ಹಾಡನ್ನು ಮೊದಲಿನಿಂದ ಹಚ್ಚಿದ. ಹೆಣ್ಣುದನಿ ಏರಿತು, ಏರಿತು. ತುಂಡಾಗುತ್ತಿದ್ದ ಜಾಗ ಬಂದಾಗ ಸುಂದರಾ ಗಲ್ಲೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು. ಹಾಡು ನಿಲ್ಲಲಿಲ್ಲ. ದನಿ ಇಳಿದು, ಗಿಟಾರೊಂದೇ ಉಳಿದು, ಸಾವಕಾಶ ಮುಗಿಯಿತು.

ಅವಳು ಕಣ್ಣೊರೆಸಿಕೊಂಡಳು.

"ತಗದ್ರು" ಎಂದಳು. "ಹೂಂ, ಈಗ ಏಳನೇದು ಯಾವುದು ಹಾಕೂದು ಹೇಳ್ರಿ."