ಇಂಗಾಲ ಪೋಣಿಸುವ ಪೀಪಾಯಿ

ಕಣ್ಣಿಗೂ ಕಾಣದ ನಾನು ನನ್ನ ಕಥೆ ಹೇಳಹೊರಟಿದ್ದೇನೆ. ತಿಳಿದವರು ಕ್ಷಮಿಸಬೇಕು, ತಪ್ಪಿದ್ದರೆ ತಿದ್ದಬೇಕು.

ನಾನು ಒಂದು ಕಿಣ್ವ. ಯೀಸ್ಟಿನ ಜೀವಕೋಶವೊಂದರಲ್ಲಿ ಹುಟ್ಟಿದೆ. ಎರಡು ಬಗೆಯ ಪ್ರೋಟೀನ್ ಎಳೆಗಳು, ಬಗೆಗೆ ಆರರಂತೆ ಹನ್ನೆರಡು, ಒಂದನ್ನೊಂದು ಹಿಡಿದುಕೊಂಡಾಗ ನಾನಾದೆ. ಆಕಾರ ಪೀಪಾಯಿಯದು. ನಡುವೆ ಚಕ್ರದಂಥ ತಡೆ, ಮೇಲೊಂದು ಗುಮ್ಮಟ, ಕೆಳಗೊಂದು.

ಕೊಬ್ಬಿನಾಮ್ಲ ತಯಾರಿಸುವುದು ನನ್ನ ಕೆಲಸ. ನನ್ನೊಳಗಿನ ಸಣ್ಣ ತೋಳುಗಳು ಅರ್ಧ ಮುಗಿದ ಸರಪಳಿಯನ್ನು ಹಿಡಿದು ಗೋಡೆಯಿಂದ ಗೋಡೆಗೆ ಓಡಾಡುತ್ತವೆ. ಒಂದೆಡೆ ಎರಡು ಇಂಗಾಲ ಸೇರಬೇಕು, ಒಂದೆಡೆ ಜಲಜನಕ. ಇನ್ನೊಂದೆಡೆ ನೀರು ಕಳಚಬೇಕು, ಮತ್ತೆ ಜಲಜನಕ. ಪುನಃ ಎರಡು ಇಂಗಾಲ. ಹದಿನಾರೋ ಹದಿನೆಂಟೋ ಆದಾಗ ಹೊರಗೆ ಬಿಡುತ್ತೇನೆ. ಜೀವಕೋಶ ಅದರಿಂದ ತನ್ನ ಪೊರೆ ಕಟ್ಟಿಕೊಳ್ಳುತ್ತದೆ. ದಣಿದಿದ್ದೆ ಎಂದರೆ ಅತಿಯಾದೀತೇನೋ. ಆದರೂ ದಣಿದಿದ್ದೆ.

ಸಂಶೋಧನಾ ವಿದ್ಯಾರ್ಥಿನಿ ದಾಕ್ಷಾಯಿಣಿ ಗಾಜಿನ ಮಣಿಗಳ ಜೊತೆ ಕುಲುಕಿ ನಮ್ಮ ಜೀವಕೋಶಗಳನ್ನು ಒಡೆದಳು. ನನ್ನನ್ನೂ ನನ್ನಂಥ ಕಿಣ್ವಗಳನ್ನೂ ಬೇರ್ಪಡಿಸಿ, ಟ್ಯೂಬಿಗೆ ತುಂಬಿ ಮಂಜುಗಡ್ಡೆಯಲ್ಲಿಟ್ಟಳು. ಒಂದು ಹನಿ ತೆಗೆದು ಸಣ್ಣ ಜಾಲರಿಯ ಮೇಲೆ ತೆಳ್ಳಗೆ ಹರಡಿ, ಥಟ್ಟನೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದಳು. ಚಿತ್ರದಲ್ಲಿ ನನ್ನ ಬಂಧುಗಳೆಲ್ಲರ ಎರಡು ಗುಮ್ಮಟಗಳಲ್ಲಿ ಒಂದು ಮಾಯವಾಗಿತ್ತು.

ಕಲ್ಮಶ ಹೋಗುವಂತೆ ತಾನು ಸರಿಯಾಗಿ ತೊಳೆಯದೆ ನಾವು ಕೆಟ್ಟೆವೆಂದು ಅವಳ ನಂಬಿಕೆ. ನೋಟ್‌ಬುಕ್ಕಿನಲ್ಲಿ 'ನನ್ನ ತಪ್ಪು' ಎಂದು ಬರೆದು ಮತ್ತೆ ತೊಳೆದಳು. ಚಿತ್ರ ಕೆಟ್ಟಿತು, ಮತ್ತೆ ತೊಳೆದಳು. ತೊಳೆದಷ್ಟೂ ನಾವು ಕಡಿಮೆಯಾದೆವು. ಇನ್ನೊಮ್ಮೆ ಹೀಗಾದರೆ ಈ ವಿಷಯ ಬಿಟ್ಟುಬಿಡಬೇಕೆಂದು ಅವಳ ಮಾರ್ಗದರ್ಶಕ ಪೊನ್ನಪ್ಪ ಹೇಳಿದರು. ಅವಳ ಮೂರು ವರ್ಷ ಅದರಲ್ಲಿತ್ತು.

ಪ್ರಯೋಗಾಲಯದ ಹಳೆಯ ಸಹಾಯಕ ಸಿದ್ದಪ್ಪಾಜಿ ಇದನ್ನೆಲ್ಲ ನೋಡುತ್ತಿದ್ದ.

"ಟ್ಯೂಬಲ್ಲಿರೋಗಂಟ ಇವು ಕೆಲ್ಸ ಮಾಡ್ತಾವೆ ಅಂತ ನೀವೇ ಅಳ್ದು ಬರ್ದಿದ್ದೀರಲ್ಲವ್ವ. ಮೈಯೆಲ್ಲ ಮುರ್ಕೊಂಡೋರು ಹಿಂಗೆ ಗೇಯ್ತಾರಾ? ಜಾಲರಿಗೆ ಹೋದ್ಮ್ಯಾಲೇ ಏನೋ ಆಯ್ತದೆ. ನಿಮ್ಮನ್ನ ನೀವು ಬೈಕೊಳ್ಳೋ ಕೆಲ್ಸಕ್ಕೆ ಒಂದಿನ ರಜ ಹಾಕಿ."

ಅವಳು ತೊಳೆಯುವುದನ್ನು ನಿಲ್ಲಿಸಿ ಯೋಚಿಸಿದಳು. ನಡೆದದ್ದು ಇಷ್ಟೇ: ಜಾಲರಿಯ ಮೇಲಿನ ತೆಳು ನೀರಿನಲ್ಲಿ ನಾವು ಮೇಲಕ್ಕೆ ಬರುತ್ತಿದ್ದೆವು, ಗಾಳಿ ತಾಗಿದ ಕಡೆ ನಮ್ಮ ಮಡಿಕೆಗಳು ಬಿಚ್ಚಿಹೋಗುತ್ತಿದ್ದವು. ಹೇಳಲು ನಮಗೆ ಬಾಯಿಲ್ಲ.

ಅವಳೇ ಅದನ್ನು ಊಹಿಸಿ, ನಾವು ಅಂಟಿಕೊಳ್ಳಲೆಂದು ಈ ಸಲ ಜಾಲರಿಗೆ ಒಂದೇ ಪರಮಾಣುವಿನ ದಪ್ಪದ ಇಂಗಾಲದ ಹಾಸು ಹಾಕಿದಳು. ಉಳಿದಿದ್ದು ಒಂದೇ ಹನಿ, ಅದರಲ್ಲಿ ನಾನಿದ್ದೆ. ಆ ಹಾಸಿನ ಮೇಲೆ ಅಂಟಿಕೊಂಡೆ. ಗಾಳಿ ನನ್ನನ್ನು ಮುಟ್ಟಲಿಲ್ಲ. ಚಿತ್ರದಲ್ಲಿ ಎರಡೂ ಗುಮ್ಮಟ ಬಂದವು.

ನಾನೀಗ ದ್ರವ ಸಾರಜನಕದ ಪಾತ್ರೆಯಲ್ಲಿದ್ದೇನೆ. ಅಲುಗುವ ಹಾಗಿಲ್ಲ; ಅಲುಗುವ ಆಸೆಯೂ ಇಲ್ಲ. ಚಿತ್ರ ಬಂದ ದಿನ ಪಾತ್ರೆಯ ಪಕ್ಕದಲ್ಲೇ ನಿಂತು ಪೊನ್ನಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದರು. ಇದನ್ನೇ ಮುಂದುವರಿಸಿ ಎಂದರು. ಆಮೇಲೆ, ಈ ತೋಳಿಗೆ ಮುಂದೆ ಯಾವ ಗೋಡೆಗೆ ಹೋಗಬೇಕೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದರು.

'ನನ್ನ ತಪ್ಪು' ಎಂದು ಬರೆಯಲು ಅವಳು ನೋಟ್‌ಬುಕ್ ತೆರೆಯಲಿಲ್ಲ.

"ಗೊತ್ತಿಲ್ಲ ಸಾರ್. ಚಿತ್ರದಲ್ಲಿ ಅದು ನಿಂತಿದೆ. ಎಲ್ಲಿಗೆ ಹೊರಟಿತ್ತೋ ಕಾಣಲ್ಲ."

ಆ ತೋಳು ನನ್ನದೇ. ಲೆಕ್ಕವಿಲ್ಲದಷ್ಟು ಸಲ ಓಡಾಡಿಸಿದ್ದೇನೆ. ನನಗೂ ಗೊತ್ತಿಲ್ಲ.